ಯಕ್ಷಗಾನದ ಚಿತ್ರಗಳೆಲ್ಲ ಕಲಸಿಹೋಗುತ್ತಿವೆ, ಸಾಲ ಮಾಡಿಯಾದರೂ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಲೇ?

ಕೊಳ್ಳಬೇಡಿ. ನೀವು ಬರೆದದ್ದು ಇಷ್ಟು: ಕ್ಯಾಮೆರಾದ ಜೊತೆಗೇ ಬಂದ ಕಿಟ್ ಲೆನ್ಸ್, ರಾತ್ರಿಯ ಆಟ, ಧಿಗಿಣ ಹೊಡೆಯುವಾಗ, ಅಂದರೆ ತಿರುಗುತ್ತ ಹಾರುವಾಗ, ಬಣ್ಣದ ಮುದ್ದೆಯಾಗುವ ವೇಷ, ಕೊನೆಗೆ 'ಕಾಳುಕಾಳಾಗಬಾರದೆಂದು ಐಎಸ್‌ಒ 400 ದಾಟಿಸಿಲ್ಲ' ಎಂಬ ನಿಮ್ಮ ಮಾತು. ಓದುತ್ತಿದ್ದಂತೆ ನನ್ನದೇ ಹಳೆಯ ಕಥೆ ಎನ್ನಿಸಿತು. ರೋಗ ಇರುವುದು ಆ ಕೊನೆಯ ಮಾತಿನಲ್ಲಿ, ಕ್ಯಾಮೆರಾದಲ್ಲಿ ಅಲ್ಲ. ಐಎಸ್‌ಒ ಎಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಅಂಕಿ, ಕಾಳು ಎಂದರೆ ಚಿತ್ರದಲ್ಲಿ ಮರಳಿನಂತೆ ಕಾಣುವ ಚುಕ್ಕೆಗಳು.

ನಾನಾಗ ಕಾಸರಗೋಡು ಪೇಟೆಯ ಒಂದು ಸ್ಟುಡಿಯೋದಲ್ಲಿ ಮದುವೆ, ಗೃಹಪ್ರವೇಶಗಳ ಚಿತ್ರ ತೆಗೆಯುತ್ತಿದ್ದೆ. ಬದಿಯಡ್ಕದ ಕಡೆ ಒಂದು ಹರಕೆಯ ಆಟ. ಮೇಳದ ಹಿರಿಯ ಪುಂಡುವೇಷಧಾರಿಗೆ (ಚುರುಕಿನ ತರುಣ ಪಾತ್ರ ಮಾಡುವವರಿಗೆ) ಅದು ತಿರುಗಾಟದ ಕೊನೆಯ ವರ್ಷ. ಬಣ್ಣ ಹಚ್ಚುವ ಚೌಕಿಯಿಂದ ಕೊನೆಯ ಮಂಗಳದವರೆಗೂ ಚಿತ್ರ ಬೇಕೆಂದು ಅವರ ಮಗ ನನ್ನನ್ನು ಗೊತ್ತುಮಾಡಿದ್ದರು.

ಚೌಕಿಯ ಚಿತ್ರಗಳು ಚೆನ್ನಾಗಿಯೇ ಬಂದವು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಡ್ಡಿ, ಹುಬ್ಬಿನ ಕಪ್ಪು ತೀಡುವಾಗ ಅರೆಬಿಟ್ಟ ಬಾಯಿ. ಒಣಗುತ್ತಿದ್ದ ಬಣ್ಣದಲ್ಲಿ ಕೆನ್ನೆಯ ಸುಕ್ಕು ಬಿರುಕುಬಿಟ್ಟದ್ದೂ ಕಾಣುತ್ತಿತ್ತು. ಕುಳಿತ ಮನುಷ್ಯ ಅಲುಗುವುದಿಲ್ಲವಲ್ಲ, ಬೆಳಕನ್ನು ಒಳಬಿಡುವ ಶಟರ್ ನಿಧಾನವಾದರೂ ನಡೆಯುತ್ತದೆ. ಅದೇ ಧೈರ್ಯದಲ್ಲಿ ರಂಗಸ್ಥಳದ ಮುಂದೆ ಹೋದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಧಿಗಿಣದ ಚಿತ್ರಗಳೂ ಚೆನ್ನಾಗಿಯೇ ಕಂಡವು. ಮರುದಿನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಾಲಿಲ್ಲ, ಮುಖವಿಲ್ಲ, ಕೆಂಪು ಹಸಿರಿನ ಗೆರೆಗಳಷ್ಟೇ. 'ಅಪ್ಪ ಕುಣಿದದ್ದು ಒಂದೂ ಇಲ್ಲವೇ, ಮಾರಾಯರೇ?' ಎಂದು ಮಗ ಕೇಳಿದರು. ಹಣ ವಾಪಸು ಕೊಟ್ಟೆ. ಆದರೆ ಅವರ ಅಪ್ಪ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಆ ನಷ್ಟವನ್ನು ನಾನು ತುಂಬಿಕೊಡುವ ಹಾಗಿರಲಿಲ್ಲ.

ತಪ್ಪು ಏನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ಐಎಸ್‌ಒ 400, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/5.6. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಆ ಬೆಳಕಿಗೆ ಕ್ಯಾಮೆರಾ ತಾನಾಗಿಯೇ ಆರಿಸಿಕೊಂಡ ಶಟರ್ ವೇಗ ಸೆಕೆಂಡಿನ 30ನೇ ಒಂದು ಭಾಗ. ತಿರುಗುತ್ತ ಹಾರುವವನು ಅಷ್ಟು ಹೊತ್ತಿನಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತಾನೆ. ಐಎಸ್‌ಒವನ್ನು 400ರಿಂದ 800, 1600, 3200, 6400 ಎಂದು ನಾಲ್ಕು ಮೆಟ್ಟಿಲು ಏರಿಸಿದ್ದರೆ ಶಟರ್ ಕೂಡ 60, 125, 250, 500 ಎಂದು ನಾಲ್ಕು ಮೆಟ್ಟಿಲು ಏರುತ್ತಿತ್ತು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ದೀಪ. 500ನೇ ಒಂದು ಭಾಗದಲ್ಲಿ ಆ ಕಾಲು ಗಾಳಿಯಲ್ಲಿ ನಿಲ್ಲುತ್ತಿತ್ತು. ಕಾಳು ಬರುತ್ತಿತ್ತು, ಹೌದು. ಆದರೆ ಕಾಳಿಗೆ ಮೂಲ ಕಾರಣ ಐಎಸ್‌ಒ ಅಲ್ಲ, ಸಂವೇದಕಕ್ಕೆ ಬಿದ್ದ ಬೆಳಕಿನ ಕೊರತೆ. ಐಎಸ್‌ಒ ತಗ್ಗಿಸಿ ಕತ್ತಲೆಯಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಅದೇ ಕಾಳು ಕಾಣಿಸಿಕೊಳ್ಳುತ್ತದೆ, ಅನೇಕ ಕ್ಯಾಮೆರಾಗಳಲ್ಲಿ ಇನ್ನೂ ಒರಟಾಗಿ. ಕಾಳನ್ನು ತಂತ್ರಾಂಶ ಸಾಕಷ್ಟು ಅಳಿಸುತ್ತದೆ. ಕಲಸಿಹೋದ ಮುಖವನ್ನು ಯಾವ ತಂತ್ರಾಂಶವೂ ನಿಜವಾಗಿ ಹಿಂದಕ್ಕೆ ತರಲಾರದು.

ಛಾಯಾಗ್ರಹಣದ ಇತಿಹಾಸದಲ್ಲೂ ಇದೇ ಜಗಳ. 1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೇರ್ ಪ್ಯಾರಿಸಿನ ಬೂಲ್ವಾರ್ ದ್ಯು ತಾಂಪ್ಲ್ ಬೀದಿಯ ಚಿತ್ರ ತೆಗೆದಾಗ ಬೆಳಕು ಬೀಳಲು ಹಲವು ನಿಮಿಷ ಬೇಕಿತ್ತು. ಗಿಜಿಗುಡುವ ಬೀದಿ ಚಿತ್ರದಲ್ಲಿ ಬಹುಮಟ್ಟಿಗೆ ಖಾಲಿ. ಗಾಡಿಗಳಿಲ್ಲ, ನಡೆದು ಹೋದವರಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬನ ಆಕೃತಿ ಮಾತ್ರ ಸ್ಪಷ್ಟ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ವೇಗದ ಶಟರ್‌ಗಳಿಂದ, ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುವುದನ್ನು ತೋರಿಸಿದ. ಅವನ ಕೆಲವು ಚಿತ್ರಗಳಲ್ಲಿ ಕುದುರೆ ಬರಿಯ ನೆರಳಿನಂತೆ ಕಪ್ಪಾಗಿದೆ. ಆದರೂ ಅವುಗಳನ್ನು ಜಗತ್ತು ಇಂದಿಗೂ ನೋಡುತ್ತದೆ, ಏಕೆಂದರೆ ಕಾಲು ಎಲ್ಲಿದೆ ಎಂಬುದು ಕಾಣುತ್ತದೆ.

ಮುಂದಿನ ಆಟಕ್ಕೆ ಹೀಗೆ ಮಾಡಿ. ಮೋಡನ್ನು ಮ್ಯಾನ್ಯುವಲ್‌ಗೆ ಹಾಕಿ, ಶಟರ್ 500ರಲ್ಲಿ ನಿಲ್ಲಿಸಿ, ಅಪರ್ಚರನ್ನು ಪೂರ್ತಿ ತೆರೆಯಿರಿ. ಐಎಸ್‌ಒವನ್ನು ಆಟೋದಲ್ಲಿಟ್ಟು ಮೇಲ್ಮಿತಿ 6400 ಕೊಡಿ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶಕ್ಕೆ ದೊಂದಿ ಹಿಡಿದಾಗ ಮಾತ್ರ ಐಎಸ್‌ಒವನ್ನೂ ಕೈಯಾರೆ ಕಟ್ಟಿಹಾಕಿ, ಬೆಂಕಿಯ ಬೆಳಕು ಕ್ಯಾಮೆರಾದ ಅಳತೆಯನ್ನು ದಾರಿ ತಪ್ಪಿಸುತ್ತದೆ. ದೂರ ಕುಳಿತು ಜೂಮ್ ಎಳೆಯಬೇಡಿ. ನಿಮ್ಮ 18-55 ಲೆನ್ಸಿನಲ್ಲಿ 55ಕ್ಕೆ ಹೋದರೆ ಎಫ್/5.6, 18ರಲ್ಲಿ ಎಫ್/3.5. ಅಂದರೆ ಹತ್ತಿರ ಕುಳಿತದ್ದಕ್ಕೇ ಎರಡೂವರೆ ಪಟ್ಟು ಬೆಳಕು ಪುಕ್ಕಟೆ. ಚೆಂಡೆಯವರ ಎದುರು ಬದಿ, ನೆಲದ ಮೇಲೆ ಕುಳಿತರೆ ಹಿಂದಿನವರಿಗೂ ಅಡ್ಡವಾಗುವುದಿಲ್ಲ.

ಎಲ್‌ಇಡಿ ದೀಪಗಳಿದ್ದು ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ಗಾಬರಿ ಬೇಡ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 100ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಪಟ್ಟಿ ಹೋಗುತ್ತದೆ. ಆಗ ಧಿಗಿಣದ ಆಸೆ ಬಿಟ್ಟು, ಪದದ ಮುಕ್ತಾಯಕ್ಕೆ ವೇಷ ನಿಲ್ಲುವ ಆ ಕ್ಷಣಕ್ಕೆ ಕಾಯಿರಿ. ತಾಳ ಗೊತ್ತಿದ್ದವರಿಗೆ ಅದು ಮೊದಲೇ ತಿಳಿಯುತ್ತದೆ, ಆದ್ದರಿಂದ ಕ್ಯಾಮೆರಾ ಇಲ್ಲದೆಯೂ ಆಟ ನೋಡಿ.

ಫ್ಲ್ಯಾಷ್ ಬೇಡವೇ ಬೇಡ. ಕುಣಿಯುವವನ ಕಣ್ಣಿಗೆ ಅದು ಹೊಡೆಯುತ್ತದೆ, ಮುಖದ ಬಣ್ಣಗಾರಿಕೆಯ ಉಬ್ಬುತಗ್ಗು ಸಪಾಟಾಗುತ್ತದೆ. ದೈವಾರಾಧನೆಯ ತೆಯ್ಯಂ, ಭೂತಕೋಲಗಳಲ್ಲಂತೂ ಅದನ್ನು ಬ್ಯಾಗಿನಿಂದಲೇ ಹೊರತೆಗೆಯಬೇಡಿ.

ಇಷ್ಟಾದ ಮೇಲೂ ಹಣ ಖರ್ಚು ಮಾಡಲೇಬೇಕೆಂದಿದ್ದರೆ ಎಫ್/1.8ರ ಒಂದು 50 ಎಂಎಂ ಲೆನ್ಸ್ ಸಾಕು. ಎಫ್/5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು, ಅದಕ್ಕೆ ಸಾಲ ಬೇಕಾಗುವುದಿಲ್ಲ. ಅದಕ್ಕೂ ಮೊದಲು ನಿಮ್ಮ ಕಲಸಿಹೋದ ಚಿತ್ರಗಳ ವಿವರ ತೆರೆದು ಶಟರ್ ವೇಗ ಎಷ್ಟಿತ್ತೆಂದು ನೋಡಿ, ಇಲ್ಲಿಯೇ ಬರೆಯಿರಿ. ಅದು ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ನಿಧಾನವಾಗಿದ್ದರೆ ಅಂಗಡಿಗೆ ಹೋಗುವ ಮಾತೇ ಬೇಡ.