ದಿನವಿಡೀ ಫೋನ್, ತಲೆ ತುಂಬಾ ಯೋಚನೆ: ನರಮಂಡಲ ಶಾಂತವಾಗಲು ಏನು ಮಾಡಬೇಕು?

ಮೊದಲು ನೋಟಿಫಿಕೇಶನ್ ಕಡಿಮೆ ಮಾಡಿ. ನಿಜವಾದ ಅಪಾಯ ಬಂದಾಗ ಮೈಯನ್ನು ಸಜ್ಜು ಮಾಡೋಕೆ ಇರುವ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು, ಆಫೀಸಿನಿಂದ ಬಂದ ಒಂದು ಖಾರವಾದ ಮೆಸೇಜ್‌ಗೂ ಏರಬಹುದು. ಇದು ದಿನವಿಡೀ ನಡೆದರೆ ಮೈಗೆ ಬಿಡುವು ಎಲ್ಲಿ, ಅಲ್ವಾ? ಕರೆಗಳು ಮತ್ತು ಮನೆಯವರ ಮೆಸೇಜ್ ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ, ಅವನ್ನು ನೀವೇ ಗೊತ್ತುಮಾಡಿದ ಹೊತ್ತಲ್ಲಿ ನೋಡಿ.

ತಕ್ಷಣಕ್ಕೆ ಉಸಿರಾಟ ಒಳ್ಳೆಯ ದಾರಿ. ಉಸಿರು ಹೊರಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಅದಕ್ಕೇ 4 ಎಣಿಸುತ್ತಾ ಒಳಗೆ ತೆಗೆದುಕೊಂಡು, 6 ಎಣಿಸುತ್ತಾ ಹೊರಬಿಡಿ. ಅಂದರೆ ನಿಮಿಷಕ್ಕೆ ಸುಮಾರು 6 ಉಸಿರು. 5 ನಿಮಿಷ ಸಾಕು, ತಲೆ ಸುತ್ತಿದರೆ ನಿಲ್ಲಿಸಿ.

ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ನಾಳೆಯ ಕೆಲಸಗಳನ್ನು ಕಾಗದದಲ್ಲಿ ಬರೆದಿಟ್ಟರೆ ಹಾಸಿಗೆಯಲ್ಲಿ ಅದನ್ನೇ ಮತ್ತೆ ಮತ್ತೆ ನೆನಪಿಸಿಕೊಳ್ಳುವುದು ತಪ್ಪುತ್ತದೆ. ಮಧ್ಯಾಹ್ನದ ನಂತರ ಕಾಫಿ ಬೇಡ, ದಿನಾ ಸ್ವಲ್ಪ ನಡೆಯಿರಿ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಎದೆ ಡವಡವ ಅನ್ನುತ್ತಿದ್ದರೆ ಸುಮ್ನೆ ಸಹಿಸಬೇಡಿ, ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಜಾಸ್ತಿಯಾದಾಗಲೂ ಹೀಗೇ ಆಗಬಹುದು.