ತಿರುಗಿಸುವ ಗೊಬ್ಬರದ ಡ್ರಮ್ 100 ಲೀಟರಿನದು ತಗೊಳ್ಳಲೋ, 200 ಲೀಟರಿನದೋ? 15 ದಿನಕ್ಕೆ ಗೊಬ್ಬರ ಆಗ್ತದಾ?

ಇನ್ನೂ ದುಡ್ಡು ಕೊಟ್ಟಿಲ್ಲ ಅಂದ್ರೆ ತಡೀರಿ. ದಿನಾ ಅಡುಗೆಮನೆ ಕಸ ಹಾಕಿ ನಾಕು ಸುತ್ತು ತಿರುಗಿಸಿದರೆ 15 ದಿನಕ್ಕೆ ಗೊಬ್ಬರ ಅನ್ನೋ ಮಾತನ್ನ ನನಗೂ ಅಂಗಡಿಯವರು ಹೇಳಿದ್ದರು. ಅದನ್ನ ನಂಬಿ ನಮ್ಮ ಅವ್ವನ ದುಂಡುಮಲ್ಲಿಗೆ ಕಳಕೊಂಡೆ.

ನಾನಿರೋದು ಧಾರವಾಡದ ಸಪ್ತಾಪುರದ ಕಡೆ. ಡ್ರಮ್ ತಂದದ್ದು ಮೇ ತಿಂಗಳಲ್ಲಿ. ಒಂದೇ ಕೋಣೆಯದು, ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂತದ್ದು. ನಮ್ಮ ಮನೆಯಲ್ಲಿ ದಿನಕ್ಕೆ ಒಂದು ಕೆಜಿಯಷ್ಟು ಹಸಿ ಕಸ ಬೀಳುತ್ತದೆ. ಕಾಯಿಪಲ್ಯದ ಸಿಪ್ಪಿ, ಚಹಾಪುಡಿ, ಆಗ ಆಪೂಸ್ ಮಾವಿನ ಸೀಸನ್ ಆದ್ದರಿಂದ ಅದರ ಸಿಪ್ಪಿಯೂ ಬೇಕಾದಷ್ಟು. ಮುಂಜಾನೆ ಹಾಕೋದು, ತಿರುಗಿಸೋದು. ಜುಲೈ ಕೊನೆಗೆ ಮುಚ್ಚಳ ತೆಗೆದರೆ ಒಳಗೆಲ್ಲ ಕಪ್ಪಗೆ ಕಂಡಿತು. ಎರಡು ಬುಟ್ಟಿ ತೆಗೆದು, ಸಾಣಿಗೆ ಹಿಡಿದು, ಮಲ್ಲಿಗೆ ಕುಂಡದ ಮಣ್ಣು ಕೆದರಿ ನಾಲ್ಕು ಬೆರಳು ದಪ್ಪ ತುಂಬಿದೆ. ಆ ಬಳ್ಳಿಯ ಕಡ್ಡಿ ಅವ್ವ ಅಣ್ಣಿಗೇರಿಯ ತವರಿನಿಂದ ತಂದದ್ದು. ಎಂಟು ದಿನಕ್ಕೆ ಎಲೆ ಹಳದಿ ಆದವು. ಗೊಬ್ಬರ ಸಾಲದಾಗಿರಬೇಕು ಅಂದುಕೊಂಡು ಮತ್ತೆರಡು ಬೊಗಸೆ ಹಾಕಿದೆ. ಆಮೇಲೆ ಕಿತ್ತು ನೋಡಿದಾಗ ಬೇರು ಕಂದಾಗಿ, ಕೈಯಲ್ಲಿ ಹಿಡಿದರೆ ಸುಲಿದು ಬರುತ್ತಿತ್ತು.

ಪಂಚಮಿಗೆ ಅವ್ವನನ್ನ ಕರೆಯೋಕೆ ಅಣ್ಣಿಗೇರಿಯಿಂದ ಮಾವ ಬಂದರು. ಒಕ್ಕಲುತನ ಮಾಡೋರು. ಡ್ರಮ್ಮಿನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು. "ಏನಲೇ ಅಳಿಯಾ, ಮುಂಜಾನಿ ಸಿಪ್ಪಿ ಇದರಾಗ ಐತಿ, ಇದಕ್ಕ ಗೊಬ್ಬರ ಅಂತೀಯಲ್ಲ? ತಿಪ್ಪಿ ತುಂಬಿತು ಅಂದ್ರ ನಾವು ಅದನ್ನ ಮುಟ್ಟೂದಿಲ್ಲ, ಬಾಜೂಕ ಇನ್ನೊಂದ ಹಾಕ್ತೀವಿ. ನೀ ದಿನಾ ಹಸೀದು ಹಾಕ್ಕೋಂತ ಹೋದ್ರ ಇದು ಕಳಿಯೂದು ಯಾವಾಗ?"

ಇಷ್ಟೇ ತಪ್ಪು. ಹಾಕೋದನ್ನ ನಿಲ್ಲಿಸಲಿಲ್ಲ. ಇದನ್ನ ನಾನು ಯಾಕೆ ಇಷ್ಟು ಎಳೆದು ಹೇಳ್ತಿದ್ದೇನೆ ಅಂದ್ರೆ, ಡ್ರಮ್ ತಗೊಂಡವರಲ್ಲಿ ನಾನು ನೋಡಿದ ಬಹುತೇಕ ಎಲ್ಲರೂ ಇದನ್ನೇ ಮಾಡ್ತಾರೆ. ತಿಪ್ಪಿಯಲ್ಲಿ ಹಳೆಯದು ತಳಕ್ಕೆ ಇರುತ್ತದೆ, ಹೊಸದು ಮೇಲೆ ಬೀಳುತ್ತದೆ. ಬೇಕಾದರೆ ಬುಡದಿಂದ ಎಳಕೋಬಹುದು. ತಿರುಗುವ ಡ್ರಮ್ಮಿಗೆ ತಳವೂ ಇಲ್ಲ, ಮೇಲೂ ಇಲ್ಲ. ಮೂರು ತಿಂಗಳ ಹಿಂದಿನದಕ್ಕೆ ಇವತ್ತಿನ ಹೀರೇಕಾಯಿ ಸಿಪ್ಪಿ ಒಂದೇ ಸುತ್ತಿಗೆ ಕಲಸಿಹೋಗುತ್ತದೆ. ಅಂದಮೇಲೆ ಡ್ರಮ್ಮಿನ ವಯಸ್ಸು ಯಾವತ್ತೂ ಒಂದೇ ದಿನ. ಸಾಣಿಗೆ ಹಿಡಿದರೆ ದೊಡ್ಡ ತುಂಡು ಬೇರೆ ಆಗುತ್ತವೆ ಅಷ್ಟೇ, ಸಣ್ಣದರೊಳಗೆ ಕೊಳೆಯುವ ಕೆಲಸ ನಡೆದೇ ಇರುತ್ತದೆ. ಅಂಥದ್ದನ್ನ ಕುಂಡಕ್ಕೆ ಹಾಕಿದರೆ ಸೂಕ್ಷ್ಮಜೀವಿಗಳು ಉಳಿದ ಕೆಲಸವನ್ನ ಗಿಡದ ಬೇರಿನ ಹತ್ತಿರವೇ ಮುಗಿಸುತ್ತವೆ. ಅಲ್ಲಿನ ಗಾಳಿಯನ್ನ ಅವೇ ಬಳಸುತ್ತವೆ, ಮಣ್ಣಿನ ಸಾರಜನಕವನ್ನೂ ಅವೇ ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಹಾನಿ ಮಾಡುವ ಹುಳಿಯೂ ಹುಟ್ಟುತ್ತದೆ. ಎಲೆ ಹಳದಿ ಆದದ್ದು ಅದಕ್ಕೇ, ಮತ್ತೆ ಆ ಗಿಡಕ್ಕೆ ನಾನು ಅದನ್ನೇ ಇನ್ನಷ್ಟು ಹಾಕಿದ್ದೆ.

ಇನ್ನು ಆ 15 ದಿನದ ಮಾತು. ಗೊಬ್ಬರದ ರಾಶಿ ಒಳಗೊಳಗೇ 55ರಿಂದ 65 ಡಿಗ್ರಿವರೆಗೆ ಕಾಯಬೇಕು, ಆಗಲೇ ಬೇಗ ಕಳಿಯೋದು. ಆ ಕಾವು ನಿಲ್ಲೋಕೆ ಹೆಚ್ಚುಕಡಿಮೆ ಒಂದು ಘನ ಮೀಟರ್, ಅಂದರೆ 1000 ಲೀಟರ್ ರಾಶಿ ಬೇಕು. 100 ಲೀಟರ್ ಡ್ರಮ್ ಅದರ ಹತ್ತನೇ ಒಂದು ಪಾಲು. ಕಾವು ಹುಟ್ಟಿದರೂ ರಾತ್ರಿಯೇ ಆರಿಹೋಗುತ್ತದೆ. ಹಾಕೋದು ನಿಲ್ಲಿಸಿದ ಮೇಲೆ ಎರಡು ತಿಂಗಳು, ಹೊರಗೆ ತೆಗೆದು ನೆರಳಲ್ಲಿ ಮಾಗೋಕೆ ಇನ್ನೊಂದು ತಿಂಗಳು ಅಂತ ಹಿಡೀರಿ. 200 ಲೀಟರಿನದು ಮುಕ್ಕಾಲು ತುಂಬಿದರೆ ನಿಮ್ಮ ಕೈಯಲ್ಲಿ ತಿರುಗೋದೂ ಇಲ್ಲ, ಒದ್ದೆ ಕಸದ ಭಾರ ಅಷ್ಟಿರುತ್ತದೆ.

ನಿಮಗೆ ಗೋಕುಲ ರಸ್ತೆ ಕಡೆ ಹಿತ್ತಲಲ್ಲಿ ಹತ್ತಡಿ ಮಣ್ಣಿನ ಜಾಗ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಡ್ರಮ್ ಯಾಕೆ ಬೇಕು? ನೆಲ ಇಲ್ಲದವರು, ಮಾಳಿಗೆ ಮೇಲೆ ಮಾಡೋರು ತಗೊಳ್ಳಲಿ. ಆದರೆ ಗುಂಡಿ ತೋಡಬೇಡಿ. ನಿಮ್ಮದು ಎರಿ ಮಣ್ಣಾದರೆ ನೀರು ಇಂಗೋದಿಲ್ಲ, ಮಳೆಗಾಲದಲ್ಲಿ ಗುಂಡಿಯೇ ಹೊಂಡ ಆಗುತ್ತದೆ. ನೆಲದ ಮೇಲೆಯೇ ಇಟ್ಟಂಗಿ ನಡುವೆ ಸಂದು ಬಿಟ್ಟು ಮೂರಡಿ ಚೌಕ, ಮೂರಡಿ ಎತ್ತರ ಕಟ್ಟಿ. ಸಿಮೆಂಟ್ ಬೇಡ. ಮೇಲೆ ಒಂದು ತಗಡು ಮುಚ್ಚಿ, ಹೆಗ್ಗಣದ ಕಾಟ ಇದ್ದರೆ ಸುತ್ತಲೂ ಜಾಳಿಗೆ ಬಿಗಿಯಿರಿ. ಅದರ ಪಕ್ಕ ಇನ್ನೊಂದು ಕಟ್ಟೋಕೆ ಜಾಗ ಬಿಡಿ, ಮೊದಲನೆಯದು ತುಂಬಿದ ಮೇಲೆ ಅದನ್ನ ಮುಟ್ಟಬಾರದು.

ಇದಕ್ಕೂ ಮೊದಲು ಬೇಕಾದದ್ದು ಒಣ ಎಲೆ. ಫೆಬ್ರವರಿ, ಮಾರ್ಚ್‌ನಲ್ಲಿ ರಸ್ತೆ ಬದಿ ರಾಶಿ ರಾಶಿ ಬೀಳುತ್ತವೆ, ಗುಡಿಸಿ ಬೆಂಕಿ ಹಚ್ಚುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಮಳೆ ಹಿಡಿಯೋದರೊಳಗೆ ಹತ್ತು ಗೋಣಿಚೀಲ ತುಂಬಿ ಒಳಗಿಡಿ. ಶೇಂಗಾ ಸಿಪ್ಪಿಯೂ ನಡೆಯುತ್ತದೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು, ಮೂರು ಬುಟ್ಟಿ ಒಣದು. ಒಂದು ಹಿಡಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಇಳಿದರೆ ಇನ್ನೂ ಎಲೆ ಹಾಕಿ. ಆಯ್ತೋ ಇಲ್ಲವೋ ನೋಡೋಕೆ ಒಂದು ಬಟ್ಟಲಲ್ಲಿ ಆ ಗೊಬ್ಬರಕ್ಕೆ ಅಷ್ಟೇ ಮಣ್ಣು ಕಲಸಿ ಮೆಂತ್ಯ ಬಿತ್ತಿ. ಮೊಳಕೆ ಹಸಿರಾಗಿ ಎದ್ದರೆ ಮಾತ್ರ ಗಿಡಕ್ಕೆ ಹಾಕಿ.

ನಾನು ಆ ಡ್ರಮ್ ಬಿಸಾಕಿಲ್ಲ. ಇನ್ನೊಂದು ತಂದಿದ್ದೇನೆ. ಒಂದು ತುಂಬಿದ ದಿನ ಅವ್ವ ಅದರ ಮೇಲೆ ಸುಣ್ಣದಿಂದ ತಾರೀಖು ಬರೆಯುತ್ತಾಳೆ, ಆಮೇಲೆ ವಾರಕ್ಕೆ ಎರಡು ಸಲ ತಿರುಗಿಸೋದು ಮಾತ್ರ. ಮಾವ ಮತ್ತೆ ಕಡ್ಡಿ ತಂದುಕೊಟ್ಟಿದ್ದರು, ಅದು ಈಗ ಗೋಡೆ ಎತ್ತರ ಹೋಗಿದೆ. ನೀವು ಎಲೆ ತುಂಬಿಟ್ಟ ಮೇಲೆ ಇಟ್ಟಂಗಿ ಲೆಕ್ಕ ಬೇಕಾದರೆ ಕೇಳಿ, ಹೇಳ್ತೀನಿ.