ಏಳೇ ವಾರದಲ್ಲಿ ಎರಡನೇ ಸಲ ಅರಿವಳಿಕೆ, ಪರವಾಗಿಲ್ಲವೇ?

ಪ್ರಶ್ನೆ: ನನಗೆ 36 ವರ್ಷ, ಊರು ದಾವಣಗೆರೆ. ಎರಡು ಹೆರಿಗೆಯಾದ ಮೇಲೆ ಜೋತುಬಿದ್ದಿದ್ದ ಹೊಟ್ಟೆಯ ಚರ್ಮ, ಕೊಬ್ಬು ತೆಗೆಸಿಕೊಂಡು ಐದು ವಾರವಾಯಿತು. ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಇನ್ನೆರಡು ವಾರಕ್ಕೆ ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ; ಎರಡು ತಿಂಗಳೊಳಗೆ ಮಾಡಿಸಿದರೆ ರಿಯಾಯಿತಿಯಂತೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು. ಪದೇ ಪದೇ ಮತ್ತಿನ ಮದ್ದು ಕೊಟ್ಟರೆ ಲಿವರ್ ಹಾಳಾಗುತ್ತದೆ, ಮರೆವು ಬರುತ್ತದೆ ಎನ್ನುತ್ತಾರೆ ನಮ್ಮತ್ತೆ. ನಿಜವೇ?

ಉತ್ತರ: ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಆ ಏದುಸಿರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚು ಕಾಣುವುದು ಹೊಟ್ಟೆಯ ಆಪರೇಷನ್‌ನಲ್ಲೇ. ಮನೆಗೆ ಬಂದ ಎಷ್ಟೋ ವಾರದ ನಂತರವೂ ಹೀಗಾಗಬಹುದು. ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿಮ್ಮದು ಬರೀ ರಕ್ತಹೀನತೆಯೂ ಇರಬಹುದು, ಆದರೆ ಪತ್ರ ಓದಿ ಹೇಳುವ ವಿಷಯವಲ್ಲ. ಇವತ್ತೇ ವೈದ್ಯರಿಗೆ ತೋರಿಸಿ. ಒಂದು ಕಾಲು ಊದಿದ್ದರೆ, ಎದೆನೋವಿದ್ದರೆ, ಕೆಮ್ಮಿದಾಗ ರಕ್ತ ಬಂದರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಇನ್ನು ಅತ್ತೆಯವರ ಮಾತು. ಅದು ಬುಡವಿಲ್ಲದ್ದೇನಲ್ಲ. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಎಂಬ ಅರಿವಳಿಕೆ ಮದ್ದು ನಮ್ಮಲ್ಲೂ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಅದರ ಸುಮಾರು 20 ಶೇಕಡಾ ಭಾಗವನ್ನು ಲಿವರ್ರೇ ಒಡೆಯಬೇಕಿತ್ತು. ಬೇಗ ಬೇಗ ಎರಡು ಸಲ ಕೊಟ್ಟರೆ ಅಪರೂಪಕ್ಕೆ ತೀವ್ರವಾದ ಲಿವರ್ ಉರಿಯೂತ ಆಗುತ್ತಿತ್ತು. ಮೂರು ತಿಂಗಳು ಅಂತರವಿರಲಿ ಎಂಬ ಸೂಚನೆ ಬಂದದ್ದು ಆಗಲೇ. ಈಗ ಕೊಡುವ ಸೆವೊಫ್ಲುರೇನ್‌ನಲ್ಲಿ ಲಿವರ್ ಒಡೆಯಬೇಕಾದ ಭಾಗ 2ರಿಂದ 5 ಶೇಕಡಾ, ಮಿಕ್ಕಿದ್ದು ಉಸಿರಿನಲ್ಲೇ ಹೊರಹೋಗುತ್ತದೆ. ಸುಟ್ಟಗಾಯದವರಿಗೆ ಕೆಲವು ದಿನಗಳಿಗೊಮ್ಮೆ ಅರಿವಳಿಕೆ ಕೊಡುತ್ತಲೇ ಇರುತ್ತೇವೆ. ಆಪರೇಷನ್ ನಂತರದ ಮರೆವು, ಗೊಂದಲದ ಚಿಂತೆ ಮುಖ್ಯವಾಗಿ 65 ದಾಟಿದವರ ವಿಚಾರ.

ಹಾಗಾದರೆ ಮಾಡಿಸಬಹುದೇ? ಎರಡು ವಾರಕ್ಕೆ ಖಂಡಿತ ಬೇಡ. ಅಡ್ಡ ಬರುವುದು ಮದ್ದಲ್ಲ, ಇನ್ನೂ ಚೇತರಿಸಿಕೊಳ್ಳದ ದೇಹ. ಮೊದಲ ಆಪರೇಷನ್‌ನಲ್ಲಿ ಹೋದ ರಕ್ತ ತುಂಬಿಕೊಳ್ಳಲು ವಾರಗಳು ಬೇಕು, ಕಬ್ಬಿಣಾಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದನ್ನು ಸರಿಮಾಡಿಕೊಂಡೇ ಮುಂದಿನ ಮಾತು. ಹಳೆಯ ಗಾಯ ಮಾಗಬೇಕು. ಮೊದಲಿನಂತೆ ಓಡಾಡುವಂತಾಗಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಹೆಚ್ಚಿನವರಿಗೆ ಮೂರು ತಿಂಗಳು ಹಿಡಿಯುತ್ತದೆ. ಕಾರಣ ಬೇರೆಯಾದರೂ ಹಳೆಯ ಮೂರು ತಿಂಗಳ ಲೆಕ್ಕ ತಪ್ಪಲಿಲ್ಲ! ಆಷಾಢದ ಸೀರೆ ಮಾರಾಟದಂತೆ ಆಪರೇಷನ್‌ಗೂ ಗಡುವಿನ ರಿಯಾಯಿತಿ ಇಡುವುದು ನನಗಂತೂ ಸರಿಕಾಣದು.

"ಹಾಗಾದರೆ ಎರಡನ್ನೂ ಒಂದೇ ಸಲ ಮುಗಿಸಬಹುದಿತ್ತಲ್ಲ" ಎಂದು ಕೆಲವರು ಕೇಳುತ್ತಾರೆ. ಒಟ್ಟು ಅವಧಿ ಆರು ಗಂಟೆ ದಾಟಿದರೆ ತೊಂದರೆಗಳು ಏರುತ್ತವೆ. ಎಂಟು ಗಂಟೆಯ ಒಂದು ಆಪರೇಷನ್‌ಗಿಂತ ಅಂತರವಿಟ್ಟು ಮಾಡಿದ ಎರಡು ಚಿಕ್ಕವೇ ವಾಸಿ.

ಅರಿವಳಿಕೆ ಯಾರು ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ ಎನ್ನುವುದು ಎಷ್ಟನೇ ಸಲ ಎನ್ನುವುದಕ್ಕಿಂತ ಮುಖ್ಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಂಡ ಬಳಿಕ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಕೆಪಿಎಂಇ (ಖಾಸಗಿ ಆಸ್ಪತ್ರೆಗಳಿಗಿರುವ ರಾಜ್ಯದ ಕಾಯ್ದೆ) ನೋಂದಣಿ, ಐಸಿಯು ವ್ಯವಸ್ಥೆ ಇದೆಯೇ ಎಂದು ಕೇಳಿ. ಅರಿವಳಿಕೆ ತಜ್ಞರು ಆರಂಭದಿಂದ ಕೊನೆಯವರೆಗೂ ಪಕ್ಕದಲ್ಲೇ ಇರುತ್ತಾರೆಯೇ ಎಂದೂ ಕೇಳಿ. ಕೇಳಿದರೆ ಮುಖ ಸಿಂಡರಿಸುವ ಕಡೆ ಮಲಗಬೇಡಿ. ಮೊದಲ ಸಲದ ಅರಿವಳಿಕೆ ದಾಖಲೆಯ ಪ್ರತಿ ತರಿಸಿಕೊಳ್ಳಿ: ಯಾವ ಮದ್ದು ಕೊಟ್ಟರು, ಉಸಿರಿನ ನಳಿಕೆ ಹಾಕಲು ಕಷ್ಟವಾಯಿತೇ, ವಾಂತಿ, ಅಲರ್ಜಿ ಆಯಿತೇ ಎಲ್ಲ ಅದರಲ್ಲಿರುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಮತ್ತಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

ಕೊನೆಯದಾಗಿ ಮಾತ್ರೆ. ಈಸ್ಟ್ರೊಜೆನ್ ಇರುವಂಥದ್ದಾದರೆ ದೊಡ್ಡ ಆಪರೇಷನ್‌ಗೆ ನಾಲ್ಕು ವಾರ ಮೊದಲೇ ನಿಲ್ಲಿಸುವುದು ರೂಢಿ. ನಿಮಗೆ ಈಗಲೇ ಏದುಸಿರು ಇರುವುದರಿಂದ ಇವತ್ತು ನೋಡುವ ವೈದ್ಯರ ಮುಂದೆಯೇ ಇದನ್ನೂ ಪ್ರಸ್ತಾಪಿಸಿ, ಬದಲಿಗೆ ಯಾವ ಗರ್ಭನಿರೋಧಕ ಬಳಸಬೇಕೆಂದು ಕೇಳಿಕೊಂಡು ಬನ್ನಿ.